ಯಂತ್ರದ ನೆನಪಿನಲ್ಲಿ ಯಾರ ದನಿ?

2024ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಸಂದಾಗ, ಯಂತ್ರಗಳು ನೆನಪಿಟ್ಟುಕೊಳ್ಳುವ ಬಗೆಯ ಕುರಿತು ಬೆರಗಿನ ಮಾತುಗಳು ಕೇಳಿಬಂದವು. ಆ ನೆನಪು ಯಾರದು ಎಂಬ ಪ್ರಶ್ನೆ ಮಾತ್ರ ಹಿಂದೆಯೇ ಉಳಿಯಿತು.

ಹಾಪ್‌ಫೀಲ್ಡ್ 1982ರಲ್ಲಿ ಮುಂದಿಟ್ಟ ಮಾದರಿಯಲ್ಲಿ ನೆನಪುಗಳಿಗೆ ಪ್ರತ್ಯೇಕ ಕಪಾಟುಗಳಿಲ್ಲ. ಒಂದು ವಿನ್ಯಾಸವನ್ನು ಕಲಿಸಿದಾಗ, ಅದರಲ್ಲಿ ಒಟ್ಟಿಗೆ ಸಕ್ರಿಯವಾಗುವ ಕೃತಕ ನರಕೋಶಗಳ ನಡುವಿನ ಕೊಂಡಿ ಬಲಗೊಳ್ಳುತ್ತದೆ. ಮೆದುಳಿನ ಕಲಿಕೆಯ ಬಗ್ಗೆ ಡೊನಾಲ್ಡ್ ಹೆಬ್ 1949ರಲ್ಲಿ ಮಂಡಿಸಿದ್ದ ಊಹೆಯೇ ಇದರ ಮೂಲ. ಅರೆಬರೆ ಸುಳಿವು ಕೊಟ್ಟರೆ ಸಾಕು, ಗುಡ್ಡದ ಮೇಲೆ ಬಿದ್ದ ಮಳೆನೀರು ಹತ್ತಿರದ ಕಣಿವೆಗೆ ಇಳಿಯುವಂತೆ, ಜಾಲವು ಅದನ್ನು ಹೋಲುವ ನೆನಪಿಗೆ ಇಳಿಯುತ್ತದೆ. ಒಂದೇ ಪಾಠವನ್ನು ಮತ್ತೆ ಮತ್ತೆ ಕಲಿಸಿದಷ್ಟೂ ಅದರ ಕಣಿವೆ ಆಳವಾಗುತ್ತದೆ. ಮಿತಿಯೂ ಉಂಟು: 100 ಕೋಶಗಳ ಜಾಲವು ಸುಮಾರು 15 ವಿನ್ಯಾಸಗಳನ್ನಷ್ಟೇ ತಾಳಬಲ್ಲದು. ಹೆಚ್ಚು ತುರುಕಿದರೆ ನೆನಪುಗಳು ಒಂದರೊಳಗೊಂದು ಬೆರೆತು, ಯಾರೂ ಕಲಿಸದ ಹುಸಿ ನೆನಪುಗಳು ತಲೆಯೆತ್ತುತ್ತವೆ.

ಇಂದಿನ ಭಾಷಾ ಮಾದರಿಗಳ ರಚನೆ ಬೇರೆ, ಗಾತ್ರ ಬೃಹತ್ತು. ಆದರೂ ಕಲಿತದ್ದನ್ನು ಕೊಂಡಿಗಳ ತೂಕದಲ್ಲಿ ಹುದುಗಿಸಿಕೊಳ್ಳುವ ತತ್ವ ಅವುಗಳಲ್ಲೂ ಮುಂದುವರಿದಿದೆ. ಹಲವು ಸಲ ಬಂದ ಪಠ್ಯ ಗಟ್ಟಿಯಾಗಿ ಉಳಿಯುತ್ತದೆ. ವಿರಳವಾಗಿ ಬಂದದ್ದು ಮಸುಕಾಗಿ, ಆ ಜಾಗವನ್ನು ಪರಿಚಿತವಾದದ್ದು ತುಂಬುತ್ತದೆ.

ರಾಜಕಾರಣ ಹುಟ್ಟುವುದು ಇಲ್ಲಿಯೇ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ, ದೇವರಗುಡ್ಡರು ಹಾಡುವ ಮಲೆಮಾದೇಶ್ವರ ಕಾವ್ಯ ಅಚ್ಚಾಗಿದ್ದರೂ ಬದುಕಿರುವುದು ಕಂಠದಲ್ಲಿ. ಅಕ್ಷರದಿಂದ ದೂರವಿಡಲಾಗಿದ್ದ ಸಮುದಾಯಗಳ ಇಂಥ ನೆನಪು ಅಂತರ್ಜಾಲದಲ್ಲಿ ಎಷ್ಟು ಸಲ ಮರುಕಳಿಸೀತು? ತಲೆಮಾರುಗಳಿಂದ ಬರೆಯುತ್ತ, ಅಚ್ಚು ಹಾಕಿಸುತ್ತ ಬಂದವರ ದನಿಯನ್ನೇ ಯಂತ್ರವು ಇಡೀ ಕನ್ನಡದ ದನಿಯೆಂದು ಒಪ್ಪಿಸುತ್ತದೆ.

ಇದಕ್ಕೆ ಗಣಿತವನ್ನು ದೂರಿ ಫಲವಿಲ್ಲ. ಯಾವ ಪಠ್ಯವನ್ನು ಎಷ್ಟು ಉಣಿಸಬೇಕೆಂದು ನಿರ್ಧರಿಸುವವರು ಮನುಷ್ಯರು; ಆ ನಿರ್ಧಾರಗಳು ಬಹುಪಾಲು ಗುಟ್ಟಾಗಿವೆ. ಯುರೋಪ್ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆಯು ತರಬೇತಿಗೆ ಬಳಸಿದ ಪಠ್ಯಗಳ ಸಾರಾಂಶವನ್ನು ಪ್ರಕಟಿಸಬೇಕೆಂದು ವಿಧಿಸಿದೆ. ಇಂಥ ಕಾನೂನಿಗಾಗಿ, ಇನ್ನೂ ಬಿಗಿಯಾದ ಕಾನೂನಿಗಾಗಿ, ತಾವು ನೆಲೆಸಿದ ದೇಶಗಳಲ್ಲಿ ಒತ್ತಾಯಿಸುವುದು ಅನಿವಾಸಿ ಕನ್ನಡಿಗರ ಕೈಯಲ್ಲಿದೆ. ಗಾಯಕರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು, ಮೌಖಿಕ ಪರಂಪರೆಯನ್ನು ದಾಖಲಿಸುವ ಕೆಲಸಕ್ಕೆ ಹಣ ಹೊಂದಿಸುವುದೂ ಅವರಿಂದ ಸಾಧ್ಯ. ಒಪ್ಪಿಗೆಯಿಲ್ಲದ ದಾಖಲೆ ಮತ್ತೊಂದು ಲೂಟಿಯಾದೀತು. ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆ ಕಟ್ಟುವ ಸಂಘಗಳಿಗೆ ಇದು ಭರಿಸಲಾಗದ ಖರ್ಚೇನೂ ಅಲ್ಲ.