ಒಂದು ಉತಾರ, ಇಬ್ಬರು ತಲಾಠಿ

"ಒಂದು ಸರ್ವರ್ ಬಿದ್ದರೆ ಏನು ಗತಿ? ಎರಡನ್ನೂ ಪ್ರೈಮರಿ ಮಾಡಿಬಿಡಿ, ಎರಡು ಕಡೆನೂ ಬರೆಯಬಹುದು." ಮೀಟಿಂಗುಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೇಳುವವರಿಗೆ ಅದು ಹೊಲದಲ್ಲಿ ಎರಡನೇ ಬೋರ್ ಹಾಕಿಸಿದಷ್ಟು ಸರಳ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಹುಪಾಲು ಕಡೆ ಇದು ಬೇಡ. ನಮಗೆ ಬೇಕಿರುವುದು ಹೆಚ್ಚು ಪ್ರತಿಗಳು, ಹೆಚ್ಚು ಬರೆಯುವ ಕೈಗಳಲ್ಲ.

ಡೇಟಾಬೇಸ್ ಸಹವಾಸ ಇಲ್ಲದ ಗೆಳೆಯರಿಗಾಗಿ ಎರಡು ಸಾಲು. ಬದಲಾವಣೆಗಳನ್ನು ಬರೆಸಿಕೊಳ್ಳುವ ಸರ್ವರ್ ಪ್ರೈಮರಿ (ಮೊದಲು ಮಾಸ್ಟರ್ ಅಂತಿದ್ದರು). ಅದರಲ್ಲಿ ಬರೆದದ್ದನ್ನೆಲ್ಲ ನಕಲು ಮಾಡಿಕೊಳ್ಳುತ್ತ ಹೋಗುವುದು ರೆಪ್ಲಿಕಾ. ರೆಪ್ಲಿಕಾ ಹತ್ತಿರಲಿ ಇಪ್ಪತ್ತಿರಲಿ, ತಕರಾರಿಲ್ಲ. ತಕರಾರು ಶುರುವಾಗುವುದು ಎರಡು ಕಡೆ ಬರೆಯಲು ಬಿಟ್ಟಾಗ.

ನಾನು ರನ್ನ ಬೆಳಗಲಿಯವನು, ಹಾಗಾಗಿ ರನ್ನನ ಕಾಲದ ಉದಾಹರಣೆ ಕೊಡದೆ ಇರಲಾರೆ :-) ರನ್ನನಿಂದ ಅಜಿತಪುರಾಣ (993) ಬರೆಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ! ಒಂದು ಪ್ರತಿಗೆ ಗೆದ್ದಲು ಹಿಡಿದರೂ ಇನ್ನೊಂದು ಉಳಿಯುತ್ತದೆ. ಇದು ಶುದ್ಧ ರೆಪ್ಲಿಕೇಶನ್. ಆದರೆ ಹಳಗನ್ನಡ ಕಾವ್ಯಗಳನ್ನು ತಲೆಮಾರಿನಿಂದ ತಲೆಮಾರಿಗೆ ನಕಲು ಮಾಡಿದವರ ಕೈಯಲ್ಲಿ ಅಕ್ಷರ ಬದಲಾದವು, ಕೆಲವು ಸಲ ತಪ್ಪಿನಿಂದ, ಕೆಲವು ಸಲ ಜಾಣತನದಿಂದ. ಅದಕ್ಕೇ ಒಳ್ಳೆಯ ಸಂಪಾದಕರು ಪುಟದ ಕೆಳಗೆ ಪಾಠಾಂತರ ಕೊಡುತ್ತಾರೆ. ಯಾವುದು ಸರಿ ಅಂತ ಕೇಳಲು ಕವಿ ಇಲ್ಲವಲ್ಲ. ಎರಡು ಪ್ರೈಮರಿ ಇಟ್ಟ ಡೇಟಾಬೇಸ್ ಕೂಡ ಪಾಠಾಂತರ ಹುಟ್ಟಿಸುವ ಯಂತ್ರವೇ. ಕಾವ್ಯಕ್ಕೆ ಎರಡು ಪಾಠ ಇದ್ದರೆ ಒಂದು ಪಿಎಚ್‌ಡಿ ಆಗುತ್ತದೆ. ಬ್ಯಾಂಕಿನ ಖಾತೆಗೆ ಎರಡು ಪಾಠ ಇದ್ದರೆ?

ಒಬ್ಬ ರೈತನ ಸೊಸೈಟಿ ಖಾತೆಯಲ್ಲಿ 5000 ರೂಪಾಯಿ ಇದೆ ಅಂದುಕೊಳ್ಳಿ. ಮುಧೋಳದಲ್ಲೊಂದು, ಜಮಖಂಡಿಯಲ್ಲೊಂದು ಮೈಎಸ್‌ಕ್ಯೂಎಲ್ ಸರ್ವರ್, ಎರಡೂ ಪ್ರೈಮರಿ. ಒಂದರ ಬದಲಾವಣೆ ಇನ್ನೊಂದಕ್ಕೆ ತುಸು ತಡವಾಗಿ ತಲುಪುತ್ತದೆ. ಅಪ್ಪ ಮುಧೋಳದಲ್ಲಿ 1000 ತೆಗೆದ, ಪ್ರೋಗ್ರಾಮು ಲೆಕ್ಕ ಹಾಕಿ ಬಾಕಿ 4000 ಅಂತ ಬರೆಯಿತು. ಅದೇ ಗಳಿಗೆಗೆ ಮಗ ಜಮಖಂಡಿಯಲ್ಲಿ 2000 ತೆಗೆದ, ಅಲ್ಲಿ ಬಾಕಿ 3000 ಅಂತಾಯಿತು. ಈಗ ಎರಡೂ ಸರ್ವರ್ ತಮ್ಮ ತಮ್ಮ ಬದಲಾವಣೆಯನ್ನು ಕಳಿಸಿಕೊಳ್ಳುತ್ತವೆ. ಮುಧೋಳದಲ್ಲಿ 3000 ಕೂರುತ್ತದೆ, ಜಮಖಂಡಿಯಲ್ಲಿ 4000! ಸರಿಯಾದ ಉತ್ತರ 2000, ಅದು ಎರಡೂ ಕಡೆ ಇಲ್ಲ. ರೋ ಆಧಾರಿತ ರೆಪ್ಲಿಕೇಶನ್ ಕೀ ನೋಡಿ ಸಾಲು ಹುಡುಕಿ ಹೊಸ ಅಂಕಿ ಕೂರಿಸುತ್ತದೆಯೇ ಹೊರತು, ಹಳೆಯ ಅಂಕಿ ಏನಿತ್ತು ಅಂತ ತಾಳೆ ನೋಡುವುದಿಲ್ಲ. ಎರರ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ನನಗೆ ಭಯ ಹುಟ್ಟಿಸುವುದು ಈ ಮೌನ. ಧಡಕ್ಕನೆ ನಿಂತುಹೋದರೆ ಯಾರಾದರೂ ಎದ್ದು ನೋಡುತ್ತಾರೆ.

ಇಂಟರ್ನೆಟ್ಟಿನ ಪಾಠಗಳು ಇದಕ್ಕೆ ಕೊಡುವ ಮದ್ದು ಆಟೋ ಇನ್ಕ್ರಿಮೆಂಟ್. ಒಂದು ಸರ್ವರ್ 1, 3, 5 ಅಂತ ನಂಬರ್ ಕೊಡಲಿ, ಇನ್ನೊಂದು 2, 4, 6. ಒಬ್ಬ ಗುಮಾಸ್ತನಿಗೆ ಬೆಸ ಸಂಖ್ಯೆಯ ರಸೀದಿ, ಇನ್ನೊಬ್ಬನಿಗೆ ಸಮ ಸಂಖ್ಯೆಯದು. ಇದರಿಂದ ರಸೀದಿ ನಂಬರ್ ಎರಡಾಗುವುದು ತಪ್ಪುತ್ತದೆ, ಅಷ್ಟೇ. ಮೇಲಿನ ರೈತನ ಖಾತೆಗೆ ಅದರಿಂದ ಕಾಸಿನ ಉಪಯೋಗವಿಲ್ಲ. ಒಂದೇ ಮೊಬೈಲ್ ನಂಬರ್ ಎರಡೂ ಕಡೆ ನೋಂದಾಯಿತು ಅನ್ನಿ, ಆಗ ಎರರ್ 1062 ಬಂದು ರೆಪ್ಲಿಕೇಶನ್ ನಿಲ್ಲುತ್ತದೆ. ಆಗ ಎಷ್ಟೋ ಮಂದಿ "ಒಂದನ್ನು ಬಿಟ್ಟು ಮುಂದೆ ಹೋಗು" ಅಂತ ಆಜ್ಞೆ ಕೊಟ್ಟು ಟೀ ಕುಡಿಯಲು ಹೋಗುತ್ತಾರೆ. ಬಿಟ್ಟದ್ದು ಬಿಟ್ಟೇ ಹೋಯಿತು.

ಈ ಸಮಸ್ಯೆಯನ್ನು ಕಂಪ್ಯೂಟರಿನವರಿಗಿಂತ ಮೊದಲು ಕಂದಾಯ ಇಲಾಖೆಯವರು ಬಿಡಿಸಿಟ್ಟಿದ್ದಾರೆ ಅಂದರೆ ನೀವು ನಗಬಹುದು. ಪಹಣಿಗೆ ನಮ್ಮ ಕಡೆ ಉತಾರ ಅಂತೀವಿ. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆ ಬಂದು ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಆಗ ಆಯಾ ತಾಲೂಕಿನ ದಾಖಲೆ ಆಯಾ ತಾಲೂಕು ಕಚೇರಿಯ ಸರ್ವರಿನಲ್ಲಿ ಇರುತ್ತಿತ್ತು. ರಾಜ್ಯದ ಲೆಕ್ಕದಲ್ಲಿ ನೂರಾರು ಪ್ರೈಮರಿ, ಆದರೆ ಬೆಳಗಲಿಯ ಒಂದು ಸರ್ವೆ ನಂಬರಿಗೆ ಒಂದೇ, ಮುಧೋಳದ್ದು. ಮುಂದೆ ಜಮಖಂಡಿಯಿಂದ ಬೇರೆಯಾಗಿ ರಬಕವಿ-ಬನಹಟ್ಟಿ ತಾಲೂಕಾಯಿತು. ಹಳ್ಳಿಗಳು ಒಂದರಿಂದ ಇನ್ನೊಂದಕ್ಕೆ ಹೋದವು, ಎರಡರಲ್ಲೂ ಉಳಿಯಲಿಲ್ಲ.

ಅದಕ್ಕಿಂತ ಚೆಂದದ್ದು ಜೆ ಸ್ಲಿಪ್. ಹೊಲ ಮಾರಿದಾಗ ಖರೀದಿ ಪತ್ರ ಆಗುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಆದರೆ ಆ ಸಾಹೇಬರು ಉತಾರಕ್ಕೆ ಕೈ ಹಚ್ಚುವುದಿಲ್ಲ. ಹೀಗೊಂದು ವ್ಯವಹಾರ ಆಗಿದೆ ಅಂತ ತಾಲೂಕು ಕಚೇರಿಗೆ ತಿಳಿಸುತ್ತಾರೆ. ಅಲ್ಲಿ ಮ್ಯುಟೇಶನ್ ತೆಗೆದು, ತಕರಾರು ಇದ್ದರೆ ಹೇಳಿ ಅಂತ ನೋಟಿಸ್ ಕೊಟ್ಟು, ಆಮೇಲೆ ಹೆಸರು ಬದಲು. ತಡ ಆಗುತ್ತದೆ, ಜನ ಬಯ್ಯುತ್ತಾರೆ, ನಾವೂ ಬಯ್ದಿದ್ದೇವೆ. ಆದರೆ ಒಂದೇ ಹೊಲವನ್ನು ಒಬ್ಬ ಇಬ್ಬರಿಗೆ ಮಾರಿದರೆ ಎರಡೂ ಅರ್ಜಿ ಕೊನೆಗೆ ಒಂದೇ ಮೇಜಿನ ಮೇಲೆ ಬರುತ್ತವೆ.

ಜಿಮ್ ಗ್ರೇ ಮತ್ತು ಜೊತೆಗಾರರು 1996ರಲ್ಲಿ ಬರೆದ ಪ್ರಬಂಧ ಹೇಳುವುದೂ ಇದನ್ನೇ. ಎಲ್ಲಿ ಬೇಕಾದರೂ ಬರೆಯಲು ಬಿಟ್ಟರೆ, ಸರ್ವರುಗಳೂ ಕೆಲಸದ ಹೊರೆಯೂ ಹತ್ತು ಪಟ್ಟಾದಾಗ ಡೆಡ್‌ಲಾಕ್ ಅಥವಾ ಸರಿಪಡಿಸಬೇಕಾದ ಗೊಂದಲಗಳು ಸಾವಿರ ಪಟ್ಟಾಗುತ್ತವೆ ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಅವರು ಸೂಚಿಸಿದ ಪರಿಹಾರದಲ್ಲಿ ದೂರದ ಯಂತ್ರ ಬರೆಯುವುದು ತಾತ್ಕಾಲಿಕ, ಯಜಮಾನ ಸರ್ವರಿನಲ್ಲಿ ಅದನ್ನು ಮತ್ತೆ ನಡೆಸಿ ನೋಡಿದ ಮೇಲೆಯೇ ಖಾಯಂ. ಜೆ ಸ್ಲಿಪ್ ಅಲ್ಲದೆ ಇನ್ನೇನು ಇದು?

ಬೇಕೆಂದೇ ಎರಡು ಪ್ರೈಮರಿ ಇಡದವರಿಗೂ ಕ್ಷಣಮಾತ್ರ ಅದು ಆಗಿಬಿಟ್ಟರೆ ಏನಾಗುತ್ತದೆ ಅಂತ ಗಿಟ್‌ಹಬ್ ತೋರಿಸಿತು. 2018ರ ಅಕ್ಟೋಬರ್ 21ರಂದು ಅವರ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ 43 ಸೆಕೆಂಡ್ ಕಡಿಯಿತು. ಪಶ್ಚಿಮದ ಮೈಎಸ್‌ಕ್ಯೂಎಲ್ ತಾನಾಗಿ ಪ್ರೈಮರಿ ಆಯಿತು, ಪೂರ್ವದಲ್ಲಿ ಅದಕ್ಕೆ ತಲುಪದ ಕೆಲವು ಬರಹಗಳು ಉಳಿದಿದ್ದವು. ಇಬ್ಬರ ಬಳಿಯೂ ಇನ್ನೊಬ್ಬರಲ್ಲಿಲ್ಲದ ಡೇಟಾ. ಪೂರ್ತಿ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ.

"ಗೆಲೆರಾ ಇದೆಯಲ್ಲ" ಅನ್ನುವವರಿದ್ದಾರೆ. ಇದೆ, ಒಳ್ಳೆಯದೇ. ಕಮಿಟ್ ಮಾಡುವಾಗಲೇ ಉಳಿದ ಸರ್ವರುಗಳಿಗೆ ಕಳಿಸಿ ಘರ್ಷಣೆ ಇದೆಯೇ ನೋಡುತ್ತದೆ, ಇದ್ದರೆ ಒಂದನ್ನು ತಿರಸ್ಕರಿಸುತ್ತದೆ. ಆ ತಿರಸ್ಕಾರವನ್ನು ಸಂಭಾಳಿಸುವ ಕೋಡ್ ನಿಮ್ಮ ಪ್ರೋಗ್ರಾಮಿನಲ್ಲಿ ಇರಬೇಕು, ಸರ್ವರ್ ಕನಿಷ್ಠ ಮೂರು ಬೇಕು, ಪ್ರತಿ ಕಮಿಟ್‌ಗೂ ನೆಟ್‌ವರ್ಕಿನ ಪ್ರಯಾಣ ಆಗಬೇಕು. ಬರೆಯುವ ವೇಗವೂ ಹೆಚ್ಚುವುದಿಲ್ಲ, ಏಕೆಂದರೆ ಪ್ರತಿ ಬರಹವನ್ನೂ ಎಲ್ಲ ಸರ್ವರುಗಳೂ ಮಾಡಲೇಬೇಕಲ್ಲ. ಮೈಎಸ್‌ಕ್ಯೂಎಲ್ ಗುಂಪಿನವರು 2016ರಲ್ಲಿ ತಮ್ಮದೇ ಗ್ರೂಪ್ ರೆಪ್ಲಿಕೇಶನ್ ಬಿಟ್ಟಾಗ ಬಹು ಪ್ರೈಮರಿ ಸೌಲಭ್ಯ ಕೊಟ್ಟರೂ, ಡೀಫಾಲ್ಟ್ ಆಗಿ ಇಟ್ಟದ್ದು ಒಂದೇ ಪ್ರೈಮರಿ. ಮಾಡಿದವರಿಗೆ ಗೊತ್ತಿರುತ್ತದೆ ನೋಡ್ರಿ.

ಹಾಗಂತ ಎಲ್ಲ ಕಡೆ ಬೇಡ ಅಂತಲ್ಲ. ಬರೀ ಸೇರಿಸುತ್ತ ಹೋಗುವ, ತಿದ್ದದ ದಾಖಲೆಗಳಿಗೆ ಎಷ್ಟು ಕೈ ಬರೆದರೂ ಪರವಾಗಿಲ್ಲ. ಅಮೆಜಾನ್‌ನವರು 2007ರ ಡೈನಮೋ ಪ್ರಬಂಧದಲ್ಲಿ ಹೇಳಿದಂತೆ, ಖರೀದಿ ಬುಟ್ಟಿಯ ಎರಡು ಪ್ರತಿಗಳನ್ನು ಕೂಡಿಸಿಬಿಡಬಹುದು. ತೆಗೆದುಹಾಕಿದ ವಸ್ತು ಕೆಲವು ಸಲ ಮತ್ತೆ ಕಾಣಿಸಿಕೊಳ್ಳುತ್ತದೆ, ಗಿರಾಕಿ ಮತ್ತೊಮ್ಮೆ ತೆಗೆದರಾಯಿತು. ಮಾರಿದ ಹೊಲ ಹಾಗೆ ಮತ್ತೆ ಕಾಣಿಸಿಕೊಂಡರೆ ಕೋರ್ಟಿಗೆ ಹೋಗಬೇಕು.

ಪೋಸ್ಟ್‌ಗ್ರೆಸ್ 16ರಿಂದ (2023) ಎರಡೂ ದಿಕ್ಕಿನ ರೆಪ್ಲಿಕೇಶನ್‌ಗೆ ಹಾದಿ ಸುಲಭವಾಗಿದೆ. ಕಳಿಸಿದ ಬದಲಾವಣೆ ಸುತ್ತಿ ವಾಪಸ್ ಬರುವುದನ್ನು ಅದು ತಪ್ಪಿಸುತ್ತದೆ, ಘರ್ಷಣೆಯನ್ನು ಬಿಡಿಸುವುದಿಲ್ಲ. ನಿಮ್ಮಲ್ಲಿ ಯಾರಾದರೂ ಇದನ್ನು ನಿಜವಾದ ಕೆಲಸಕ್ಕೆ ಹಚ್ಚಿದ್ದರೆ, ಬಾಕಿ ಮೊತ್ತದಂಥ ಟೇಬಲ್‌ಗಳಿಗೆ ಏನು ಮಾಡಿದ್ದೀರಿ? ಖಂಡಿತ ಬರೆಯಿರಿ, ಓದಲು ಕಾಯುತ್ತಿರುತ್ತೇನೆ.