ಮಟ್ಟ ತಪ್ಪಿದ ಅಳತೆ: ನಷ್ಟ ಯಾರ ಪಾಲಿಗೆ?

ಮಾಡ್ಯುಲರ್ ಅಡುಗೆಮನೆ, ಗಾಜಿನ ಪಾರ್ಟಿಷನ್, ಅಲ್ಯೂಮಿನಿಯಂ ಕಿಟಕಿ ಮೊದಲಾದವುಗಳ ಸಣ್ಣ ತಯಾರಕರಲ್ಲಿ ಅನೇಕರು ಇಂದು ಟೇಪಿನ ಬದಲು ಲೇಸರ್ ದೂರಮಾಪಕವನ್ನು ನೆಚ್ಚಿಕೊಂಡಿದ್ದಾರೆ. ಗುಂಡಿ ಒತ್ತಿದೊಡನೆ ಮಿಲಿಮೀಟರಿನವರೆಗೆ ಅಂಕಿ ಮೂಡುತ್ತದೆ. ಆ ಅಂಕಿ ಗೋಡೆಯಿಂದ ಗೋಡೆಗಿರುವ ನೇರ ದೂರವೇ ಎಂದು ಪರಿಶೀಲಿಸುವವರು ಮಾತ್ರ ವಿರಳ.

ಉಪಕರಣವು ಅಳೆಯುವುದು ಕಿರಣ ಸಾಗಿದ ದಾರಿಯನ್ನು. ಅದನ್ನು ಸಮಮಟ್ಟದಲ್ಲಿ ಹಿಡಿಯದಿದ್ದರೆ ಕಿರಣ ಓರೆಯಾಗಿ ಸಾಗಿ ದೂರ ಹೆಚ್ಚಾಗಿ ಕಾಣುತ್ತದೆ. 10 ಮೀಟರ್ ಅಂತರದಲ್ಲಿ 1 ಡಿಗ್ರಿ ಓರೆಯಿಂದಾಗುವ ವ್ಯತ್ಯಾಸ ಸುಮಾರು 1.5 ಮಿ.ಮೀ. ಇದನ್ನು ಸಹಿಸಬಹುದು. ಆದರೆ ಓರೆ ಇಮ್ಮಡಿಸಿದರೆ ದೋಷ ನಾಲ್ಮಡಿಯಾಗುತ್ತದೆ: 2 ಡಿಗ್ರಿಗೆ 6 ಮಿ.ಮೀ., 3 ಡಿಗ್ರಿಗೆ ಸುಮಾರು 14 ಮಿ.ಮೀ. ಎತ್ತರದ ಗುರುತಿನಲ್ಲಂತೂ 1 ಡಿಗ್ರಿಯೂ ಸಹ್ಯವಲ್ಲ. ಅಷ್ಟೇ ದೂರದಲ್ಲಿ ಗುರುತು 17 ಸೆಂ.ಮೀ.ಗೂ ಹೆಚ್ಚು ಮೇಲೆ ಅಥವಾ ಕೆಳಗೆ ಸರಿಯುತ್ತದೆ.

ಈ ದೋಷದ ವಿಶೇಷವೆಂದರೆ ಅದು ಸದಾ ಒಂದೇ ದಿಕ್ಕಿನದು. ಓರೆಯಾದ ಅಳತೆ ಹೆಚ್ಚಾಗಿಯೇ ಬರುವುದರಿಂದ ಹಲವು ಬಾರಿ ಅಳೆದು ಸರಾಸರಿ ತೆಗೆದರೂ ಅದು ನಿವಾರಣೆಯಾಗದು. ಹೆಚ್ಚಾದ ಅಳತೆಗೆ ಮಾಡಿದ ಸರಕು ಜಾಗದಲ್ಲಿ ಕೂರುವುದಿಲ್ಲ. ಹಲಗೆಯನ್ನಾದರೆ ಕೊಯ್ಯಬಹುದು, ಟಫನ್ಡ್ ಗಾಜನ್ನು ಒಮ್ಮೆ ತಯಾರಿಸಿದ ಮೇಲೆ ಕತ್ತರಿಸಲಾಗದು. ಆಗ ಇಡೀ ಫಲಕವೇ ನಷ್ಟ. ಲಾಭಾಂಶ ಅಲ್ಪವಾಗಿರುವ ಸಣ್ಣ ಘಟಕಕ್ಕೆ ಇದು ಭಾರವಾದ ಪೆಟ್ಟು.

ಪರಿಹಾರಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಮಾಪಕವನ್ನು ರಸಮಟ್ಟದ ಮೇಲಿಟ್ಟು ಅಳೆಯಬೇಕು. ಅಥವಾ ಅದರ ಹಿಂಬದಿಯನ್ನು ಗೋಡೆಗೆ ಒತ್ತಿ ಹಿಡಿದು, ಮುಂತುದಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ನಿಧಾನವಾಗಿ ಆಡಿಸುತ್ತ ದೊರೆಯುವ ಅತಿ ಕಡಿಮೆ ಅಂಕಿಯನ್ನು ಬರೆದುಕೊಳ್ಳಬೇಕು. ಗೋಡೆಗಳೇ ತೂಕಕ್ಕೆ ನಿಲ್ಲದಿರುವುದೂ ಉಂಟು. ಆದುದರಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಿರಿದಾದುದನ್ನು ಆಧಾರವಾಗಿಟ್ಟುಕೊಳ್ಳುವುದು ಕ್ಷೇಮ.

ಇದಕ್ಕಿಂತ ಮುಖ್ಯವಾದುದು ಹೊಣೆಯ ಪ್ರಶ್ನೆ. ಗ್ರಾಹಕರೋ ಗುತ್ತಿಗೆದಾರರೋ ದೂರವಾಣಿಯಲ್ಲಿ ತಿಳಿಸಿದ ಅಳತೆಗೆ ಸರಕು ಸಿದ್ಧಪಡಿಸಿ, ಹೊಂದದಿದ್ದಾಗ ವೆಚ್ಚ ಭರಿಸುವವನು ತಯಾರಕನೇ ಆಗುತ್ತಾನೆ. ಯಾರು ಅಳೆದರು, ಎಲ್ಲೆಲ್ಲಿ ಅಳೆದರು, ಮೂರು ಅಂಕಿಗಳೇನು ಎಂಬುದನ್ನು ಆರ್ಡರ್ ಪತ್ರದಲ್ಲಿಯೇ ನಮೂದಿಸಿ ಉಭಯತ್ರರೂ ಸಹಿ ಹಾಕುವ ಪದ್ಧತಿ ಬರಬೇಕು. ಉಪಕರಣಕ್ಕೆ ನಿಖರತೆಯ ಪ್ರಮಾಣಪತ್ರವಿದ್ದರೂ ಅದನ್ನು ಹಿಡಿದ ಕೈಯ ಓರೆಗೆ ಆ ಪತ್ರ ಹೊಣೆಯಾಗದು. ಮಾಪಕ ಮಾರುವ ವರ್ತಕರೂ ಅದನ್ನು ಹಿಡಿಯುವ ಕ್ರಮವನ್ನು ಅಂಗಡಿಯಲ್ಲಿಯೇ ತೋರಿಸಿಕೊಟ್ಟರೆ ಎಷ್ಟೋ ವ್ಯಾಜ್ಯಗಳು ಮೊಳಕೆಯಲ್ಲೇ ನಿಲ್ಲುತ್ತವೆ. ಸದಸ್ಯರು ಈ ಬಗ್ಗೆ ಯೋಚಿಸುವುದು ಒಳಿತು.