ಚಿಹ್ನೆಯೂ ಅಕ್ಷರವೇ: ವಿಯೆಟ್ನಾಮೀ ಲಿಪಿ ಕಲಿಸುವ ಪಾಠ

ಐಚ್ಛಿಕ ಕನ್ನಡದ ತರಗತಿಯಲ್ಲಿ ಲಿಪಿಯ ಪಾಠವು ಅಶೋಕನ ಬ್ರಾಹ್ಮಿಯಿಂದ ಆರಂಭವಾಗಿ, ಹಲ್ಮಿಡಿ ಶಾಸನವನ್ನು ಹಾದು, ಅಚ್ಚುಮೊಳೆಗಳು ಬಂದ ಕಾಲದ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ಲಿಪಿಯ ವಿಕಾಸ ಮುಗಿಯಿತು, ಇನ್ನುಳಿದದ್ದು ಬರಿಯ ಮುದ್ರಣ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆ ತಪ್ಪು. ಹೊಸದೊಂದು ಫಾಂಟ್ ಸಿದ್ಧವಾಗುವಾಗಲೆಲ್ಲ ಅಕ್ಷರದ ಯಾವ ಗೆರೆ ಉಳಿಯಬೇಕು, ಯಾವುದು ಎಷ್ಟು ದಪ್ಪವಿರಬೇಕು, ಯಾವ ಚಿಹ್ನೆ ಎಲ್ಲಿ ಕೂರಬೇಕು ಎಂಬ ತೀರ್ಮಾನಗಳು ಮತ್ತೊಮ್ಮೆ ನಡೆಯುತ್ತವೆ. ಆ ತೀರ್ಮಾನಗಳನ್ನು ಕೈಗೊಳ್ಳುವವರಿಗೆ ಆ ಭಾಷೆ ಬರುತ್ತದೆಯೇ ಇಲ್ಲವೇ ಎಂಬುದು ಓದುಗನ ಪಾಲಿಗೆ ಸಣ್ಣ ಪ್ರಶ್ನೆಯಲ್ಲ. ಇದನ್ನು ಮನಗಾಣಲು ನಾವು ಒಮ್ಮೆ ವಿಯೆಟ್ನಾಮಿನ ಕಡೆಗೆ ನೋಡುವುದು ಒಳ್ಳೆಯದು.

ವಿಯೆಟ್ನಾಮೀ ಭಾಷೆಯನ್ನು ಇಂದು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಶತಮಾನಗಳ ಕಾಲ ಅಲ್ಲಿ ಚೀನೀ ಅಕ್ಷರಗಳೂ ಅವುಗಳ ಮಾದರಿಯಲ್ಲಿ ರೂಪುಗೊಂಡ ‘ನೋಮ್’ ಲಿಪಿಯೂ ಬಳಕೆಯಲ್ಲಿದ್ದವು. ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಜೆಸ್ವಿಟ್ ಪಾದ್ರಿಗಳು ಆ ನುಡಿಯ ಧ್ವನಿಗಳನ್ನು ರೋಮನ್ ಅಕ್ಷರಗಳಲ್ಲಿ ಹಿಡಿಯಲು ಯತ್ನಿಸಿದರು. ಅವರಲ್ಲಿ ಒಬ್ಬನಾದ ಅಲೆಕ್ಸಾಂದ್ರ್ ದ ರೋಡ್ ಸಿದ್ಧಪಡಿಸಿದ ವಿಯೆಟ್ನಾಮೀ-ಪೋರ್ಚುಗೀಸ್-ಲ್ಯಾಟಿನ್ ನಿಘಂಟು 1651ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಫ್ರೆಂಚರ ಆಳ್ವಿಕೆಯ ಕಾಲದಲ್ಲಿ ಈ ಲಿಪಿ ಹರಡಿತು. 1919ರಲ್ಲಿ ಹಳೆಯ ರಾಜಾಸ್ಥಾನದ ಪರೀಕ್ಷೆಗಳು ಕೊನೆಗೊಂಡ ಮೇಲೆ ಅದೇ ನಾಡಿನ ಬರವಣಿಗೆಯಾಗಿ ನೆಲೆನಿಂತಿತು. ಅದರ ಹೆಸರು ‘ಕ್ವೋಕ್ ಙು’, ಎಂದರೆ ರಾಷ್ಟ್ರದ ನುಡಿ. ನಮ್ಮ ವರ್ಣಮಾಲೆಯಲ್ಲಿ ಬಾಯಿಪಾಠಕ್ಕಷ್ಟೇ ಉಳಿದಿರುವ ಙಕಾರ ಅಲ್ಲಿ ಪದದ ಮೊದಲಲ್ಲೇ ನಿಂತು ದಿನನಿತ್ಯ ದುಡಿಯುತ್ತಿದೆ ಎಂಬುದನ್ನು ವರ್ಣಮಾಲೆ ಓದುವ ನಾವು ಗಮನಿಸಬೇಕು.

ಆ ಭಾಷೆಯಲ್ಲಿ ಹನ್ನೆರಡು ಸ್ವರಾಕ್ಷರಗಳಿವೆ. ಅವುಗಳಲ್ಲಿ ಆರು ರೋಮನ್ನಿನ ಸಾದಾ ಅಕ್ಷರಗಳು. ಉಳಿದ ಆರಕ್ಕೆ ತಲೆಯ ಮೇಲೆ ಟೋಪಿ, ಬಟ್ಟಲಿನಂಥ ಬಾಗುಗೆರೆ ಅಥವಾ ಬಲಭುಜದಲ್ಲಿ ಸಣ್ಣ ಕೊಂಬು ಇರುತ್ತದೆ. ಇವು ಸ್ವರದ ಗುಣವನ್ನು ಹೇಳುವ ಚಿಹ್ನೆಗಳು. ಇದಲ್ಲದೆ ಆ ನುಡಿಯಲ್ಲಿ ಆರು ಧ್ವನಿಏರಿಳಿತಗಳಿವೆ. ಒಂದಕ್ಕೆ ಚಿಹ್ನೆ ಇಲ್ಲ. ಉಳಿದ ಐದಕ್ಕೆ ಐದು ಚಿಹ್ನೆಗಳು: ಬಲಕ್ಕೆ ಏರುವ ಗೆರೆ, ಎಡದಿಂದ ಇಳಿಯುವ ಗೆರೆ, ಚುಕ್ಕಿಯಿಲ್ಲದ ಪ್ರಶ್ನಾರ್ಥಕದಂಥ ಕೊಕ್ಕೆ, ಅಲೆಗೆರೆ ಮತ್ತು ಅಕ್ಷರದ ಕೆಳಗಿನ ಚುಕ್ಕಿ. ಹೀಗೆ ಒಂದೇ ಸ್ವರದ ಮೇಲೆ ಎರಡು ಚಿಹ್ನೆಗಳು ಒಟ್ಟಿಗೆ ಕೂರುವ ಪ್ರಸಂಗ ಅಲ್ಲಿ ಅಪರೂಪವಲ್ಲ, ನಿತ್ಯದ ಸಂಗತಿ. ಅಡ್ಡಗೆರೆಯ ಡಕಾರವನ್ನೂ ಸೇರಿಸಿದರೆ, ಸಾಮಾನ್ಯ ರೋಮನ್ ಲಿಪಿಯಲ್ಲಿಲ್ಲದ 67 ರೂಪಗಳು, ದೊಡ್ಡಕ್ಷರ ಸಣ್ಣಕ್ಷರ ಎರಡನ್ನೂ ಎಣಿಸಿದರೆ 134 ರೂಪಗಳು ಬೇಕಾಗುತ್ತವೆ.

ಈ ಚಿಹ್ನೆಗಳ ಬೆಲೆ ಎಷ್ಟೆಂಬುದಕ್ಕೆ ‘ಮಾ’ ಎಂಬ ಒಂದೇ ಉಚ್ಚಾರ ಸಾಕು. ಚಿಹ್ನೆಯಿಲ್ಲದಿದ್ದರೆ ಅದು ದೆವ್ವ. ಏರುಗೆರೆ ಬಂದರೆ ದಕ್ಷಿಣದವರ ಮಾತಿನಲ್ಲಿ ತಾಯಿ. ಇಳಿಗೆರೆ ಬಂದರೆ ‘ಆದರೆ’ ಎಂಬ ಅವ್ಯಯ. ಕೊಕ್ಕೆ ಬಂದರೆ ಗೋರಿ. ಅಲೆಗೆರೆ ಬಂದರೆ ಚೀನೀ ಮೂಲದ ಪದಗಳಲ್ಲಿ ಕುದುರೆ. ಕೆಳಗೆ ಚುಕ್ಕಿ ಬಂದರೆ ಭತ್ತದ ನೇಜಿ. ತಾಯಿಗೂ ಗೋರಿಗೂ ನಡುವೆ ಇರುವುದು ಕೂದಲೆಳೆಯಷ್ಟು ಶಾಯಿ.

ಇನ್ನು ಅಕ್ಷರವಿನ್ಯಾಸಕಾರನ ಕಷ್ಟವನ್ನು ಯೋಚಿಸೋಣ. ರೋಮನ್ ಫಾಂಟುಗಳನ್ನು ರೂಪಿಸುವ ಅನೇಕರಿಗೆ ಪರಿಚಿತವಾಗಿರುವುದು ಫ್ರೆಂಚಿನಂಥ ಭಾಷೆಗಳ ಚಿಹ್ನೆಗಳು. ಅಲ್ಲಿ ಒಂದು ಅಕ್ಷರದ ಮೇಲೆ ಒಂದೇ ಚಿಹ್ನೆ. ಅದೇ ಟೋಪಿಯನ್ನೂ ಅದೇ ಏರುಗೆರೆಯನ್ನೂ ಎತ್ತಿಕೊಂಡು ಒಂದರ ಮೇಲೊಂದಿಟ್ಟರೆ ವಿಯೆಟ್ನಾಮೀ ಅಕ್ಷರ ಸಿದ್ಧವಾಯಿತೆಂದು ಭಾವಿಸುವುದು ಮೊದಲ ತಪ್ಪು. ಹಾಗೆ ಮಾಡಿದಾಗ ಚಿಹ್ನೆಗಳ ಗೋಪುರ ಮೇಲಿನ ಸಾಲಿನ ಇಳಿಗೆರೆಗಳಿಗೆ ತಾಗುತ್ತದೆ. ದೊಡ್ಡಕ್ಷರಗಳಲ್ಲಂತೂ ಪರದೆಯ ಅಂಚಿನಲ್ಲಿ ತಲೆಯೇ ಕತ್ತರಿಸಿಹೋಗುತ್ತದೆ. ಆದುದರಿಂದ ಬಲ್ಲವರು ಟೋಪಿಯನ್ನು ಸ್ವಲ್ಪ ತಗ್ಗಿಸಿ, ಕಿರಿದುಗೊಳಿಸಿ, ಏರುಗೆರೆಯನ್ನು ಅದರ ಬಲಮಗ್ಗುಲಿಗೆ ತರುತ್ತಾರೆ. ಇಳಿಗೆರೆಯನ್ನು ಕೆಲವರು ಎಡಕ್ಕಿಟ್ಟರೆ ಇನ್ನು ಕೆಲವರು ಬಲಕ್ಕಿಡುತ್ತಾರೆ. ಅಲೆಗೆರೆ ಟೋಪಿಯ ನಡುನೆತ್ತಿಯ ಮೇಲೇ ಕೂರುತ್ತದೆ. ಯಾವ ಕ್ರಮವನ್ನು ಹಿಡಿದರೂ ಫಾಂಟಿನುದ್ದಕ್ಕೂ ಅದನ್ನೇ ಪಾಲಿಸಬೇಕು; ಇಲ್ಲವಾದರೆ ಓದುವ ಕಣ್ಣು ಪ್ರತಿ ಪದದಲ್ಲೂ ಎಡವುತ್ತದೆ.

ಎರಡನೆಯ ತೊಡಕು ಗಾತ್ರದ್ದು. ದೊಡ್ಡ ಶೀರ್ಷಿಕೆಯಲ್ಲಿ ಕೊಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಅದನ್ನೇ ಪತ್ರಿಕೆಯ ಮೈಬರಹದ ಗಾತ್ರಕ್ಕೆ ಇಳಿಸಿದಾಗ ಅದರ ಬಾಗು ತುಂಬಿಹೋಗಿ ಏರುಗೆರೆಯಂತೆ ತೋರುತ್ತದೆ. ಅಲೆಗೆರೆಯ ಅಲೆ ಚಪ್ಪಟೆಯಾಗಿ ಬರಿಯ ಅಡ್ಡಗೆರೆಯಾಗುತ್ತದೆ. ಕೆಳಗಿನ ಚುಕ್ಕಿ ಕಾಗದದ ಕಲೆಯಂತಾಗುತ್ತದೆ. ಚಿಹ್ನೆಯ ದಪ್ಪ ಅಕ್ಷರದ ದಪ್ಪಕ್ಕೆ ಹೊಂದಬೇಕು. ತೀರ ತೆಳುವಾದರೆ ಮಾಯವಾಗುತ್ತದೆ, ತೀರ ದಪ್ಪವಾದರೆ ಅಕ್ಷರವನ್ನೇ ನುಂಗುತ್ತದೆ. ಕೊಂಬಿನ ಸ್ವರಗಳಲ್ಲಿ ಕೊಂಬು ಅಕ್ಷರದ ಮೈಗೆ ಅಂಟಿಕೊಂಡಿರಬೇಕು. ದೂರ ಸರಿದರೆ ಅದು ಪಕ್ಕದಲ್ಲಿಟ್ಟ ಬೇರೊಂದು ವಿರಾಮಚಿಹ್ನೆಯಂತೆ ಕಾಣುತ್ತದೆ. ಬಾಲವುಳ್ಳ ವೈ ಅಕ್ಷರದ ಕೆಳಗೆ ಚುಕ್ಕಿಗೆ ಬೇರೆಯೇ ಜಾಗ ಹುಡುಕಬೇಕು. ಇವೊಂದೂ ಯಂತ್ರ ತಾನಾಗಿ ಮಾಡಿಕೊಡುವ ಕೆಲಸವಲ್ಲ. ಒಂದೊಂದು ರೂಪವನ್ನೂ ಕಣ್ಣಿಟ್ಟು ನೋಡಿ, ಅಚ್ಚಿಸಿ, ಆ ಭಾಷೆಯ ಓದುಗರ ಮುಂದಿಟ್ಟು ತಿದ್ದಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ವಿಯೆಟ್ನಾಮಿನವರು ಮೊಬೈಲ್ ಸಂದೇಶಗಳಲ್ಲಿ ಚಿಹ್ನೆಗಳನ್ನು ಬಿಟ್ಟೇ ಬರೆಯುವುದುಂಟು. ಓದುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಿರುವಾಗ ಒಂದು ಕೊಕ್ಕೆ ಮಸುಕಾದರೆ ಮುಳುಗುವುದೇನು? ಈ ಮಾತನ್ನು ತಳ್ಳಿಹಾಕುವಂತಿಲ್ಲ. ಭಾಷೆ ಬಲ್ಲ ಪ್ರೌಢ ಓದುಗ, ಪರಿಚಿತ ವಿಷಯ, ಸಣ್ಣ ವಾಕ್ಯ, ಈ ಮೂರೂ ಇದ್ದಲ್ಲಿ ಊಹೆ ನಡೆಯುತ್ತದೆ. ಆದರೆ ಊಹಿಸುವುದು ಓದಲ್ಲ. ವ್ಯಕ್ತಿಯ ಹೆಸರನ್ನು ಸಂದರ್ಭದಿಂದ ಊಹಿಸಲಾಗದು. ಊರಿನ ಹೆಸರನ್ನು ಊಹಿಸಲಾಗದು. ಅಕ್ಷರ ಕಲಿಯುತ್ತಿರುವ ಮಗುವಿಗೆ ಊಹಿಸುವ ಬಂಡವಾಳವೇ ಇರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ದಕ್ಷಿಣ ವಿಯೆಟ್ನಾಮಿನ ಆಡುನುಡಿಯಲ್ಲಿ ಕೊಕ್ಕೆಯ ಧ್ವನಿಯೂ ಅಲೆಗೆರೆಯ ಧ್ವನಿಯೂ ಒಂದಾಗಿಬಿಟ್ಟಿವೆ. ಅಲ್ಲಿಯ ಮಗುವಿಗೆ ಆ ಎರಡರ ಭೇದವನ್ನು ಕಿವಿ ಕಲಿಸುವುದಿಲ್ಲ, ಕಣ್ಣೇ ಕಲಿಸಬೇಕು. ಅಚ್ಚಿನಲ್ಲಿಯೂ ಅವು ಒಂದೇ ಆಗಿ ತೋರಿದರೆ ಆ ಮಗು ಕಲಿಯುವುದು ಎಲ್ಲಿಂದ?

ಮತ್ತೊಂದು ವಾದ ಇನ್ನೂ ಹಳೆಯದು: ಯಂತ್ರಕ್ಕೆ ಅನುಕೂಲವಾಗುವಂತೆ ಲಿಪಿಯನ್ನೇ ಸರಳಗೊಳಿಸಬಾರದೇಕೆ? 1990ರ ದಶಕದ ಆರಂಭದಲ್ಲಿ ವಿಯೆಟ್ನಾಮೀಯರು ಈ ಇಕ್ಕಟ್ಟನ್ನು ಎದುರಿಸಿದರು. ಅಂದಿನ ಕಂಪ್ಯೂಟರ್ ಸಂಕೇತಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳು ಇತ್ಯಾದಿಗಳನ್ನು ಬಿಟ್ಟು ಉಳಿಯುತ್ತಿದ್ದ ಸ್ಥಾನಗಳು 128, ಬೇಕಾಗಿದ್ದುದು 134. ಆರು ಅಕ್ಷರಗಳಿಗೆ ಜಾಗವಿಲ್ಲ! ‘ವಿಸ್ಕಿ’ ಎಂಬ ಸಂಕೇತಕ್ರಮವನ್ನು ರೂಪಿಸಿದವರು ಆ ಆರನ್ನು ಭಾಷೆಯಿಂದ ಕೈಬಿಡಲಿಲ್ಲ. ಯಂತ್ರದ ಆದೇಶಗಳಿಗೆಂದು ಮೀಸಲಾಗಿದ್ದ ಸ್ಥಾನಗಳಲ್ಲಿ ಹೆಚ್ಚು ಬಳಕೆಯಿಲ್ಲದ ಆರನ್ನು ಆರಿಸಿ ಅಲ್ಲಿ ಕೂರಿಸಿದರು. ಅದು ಅಪಾಯವಿಲ್ಲದ ದಾರಿಯೇನೂ ಆಗಿರಲಿಲ್ಲ. ಮುಂದೆ ಯೂನಿಕೋಡ್ ಬಂದು ಅಷ್ಟೂ ಅಕ್ಷರಗಳಿಗೆ ನೆಲೆ ಸಿಕ್ಕಿತು. ಯಂತ್ರದ ಮಿತಿ ಕೆಲವು ವರ್ಷಗಳದ್ದು, ಭಾಷೆಯ ಆಯುಸ್ಸು ಶತಮಾನಗಳದ್ದು ಎಂಬುದನ್ನು ಅವರು ಮರೆಯಲಿಲ್ಲ.

ಕೇರಳದಲ್ಲಿ ಓದುತ್ತಿರುವ ನಮಗೆ ಇದಕ್ಕೆ ಪ್ರತಿಯಾದ ಉದಾಹರಣೆಯೂ ಕಣ್ಣೆದುರೇ ಇದೆ. 1971ರ ಲಿಪಿ ಸುಧಾರಣೆಯಲ್ಲಿ ಮಲಯಾಳದ ಹಲವು ಕೂಡಕ್ಷರಗಳನ್ನು ಬಿಡಿಸಿ, ಉಕಾರದ ಚಿಹ್ನೆಯನ್ನು ವ್ಯಂಜನದಿಂದ ಬೇರ್ಪಡಿಸಿ, ಅಚ್ಚುಮೊಳೆಗೂ ಬೆರಳಚ್ಚು ಯಂತ್ರಕ್ಕೂ ಒಗ್ಗುವಂತೆ ಮಾಡಲಾಯಿತು. ಕೆಲವೇ ದಶಕಗಳಲ್ಲಿ ಆ ಯಂತ್ರ ಮೂಲೆ ಸೇರಿತು. ಬಳಿಕ ‘ರಚನ’ದಂಥ ಪ್ರಯತ್ನಗಳು ಹಳೆಯ ಕೂಡಕ್ಷರಗಳನ್ನು ಕಂಪ್ಯೂಟರಿನಲ್ಲಿ ಮರಳಿ ತಂದವು. ಇಂದು ಅದೇ ಭಾಷೆಯ ಪುಸ್ತಕಗಳನ್ನು ಎರಡೂ ರೀತಿಯಲ್ಲಿ ನೋಡುತ್ತೇವೆ. ಸುಧಾರಣೆಗೆ ಅದರದೇ ಕಾರಣಗಳಿದ್ದವು, ನಿಜ. ಆದರೆ ಅಕ್ಷರವನ್ನು ಯಂತ್ರಕ್ಕೆ ಬಗ್ಗಿಸುವ ಮುನ್ನ ಯಂತ್ರವನ್ನು ಅಕ್ಷರಕ್ಕೆ ಬಗ್ಗಿಸಲು ಸಾಧ್ಯವೇ ಎಂದು ಕೇಳಬೇಕು ಎಂಬುದನ್ನು ಆ ಅನುಭವ ಕಲಿಸುತ್ತದೆ.

ಕನ್ನಡದ ಪಾಡೇನು? ವಿಯೆಟ್ನಾಮೀ ಅಕ್ಷರ ಮೇಲಕ್ಕೆ ಬೆಳೆದರೆ ನಮ್ಮದು ಕೆಳಕ್ಕೂ ಬೆಳೆಯುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂಬ ಪದಗಳಲ್ಲಿ ಒತ್ತಕ್ಷರಗಳು ಒಂದರ ಹಿಂದೊಂದು ಸಾಲಿನ ಕೆಳಗೆ ಇಳಿಯುತ್ತವೆ. ಸಾಲುಗಳ ಅಂತರ ಕಡಿಮೆಯಾದರೆ ಕೆಳಸಾಲಿನ ಗುಡಿಸಿಗೆ ತಾಗುತ್ತವೆ. ಹೊಟ್ಟೆ ಸೀಳಿದ ಧಕಾರಕ್ಕೂ ಸೀಳದ ದಕಾರಕ್ಕೂ ಇರುವ ಭೇದ ಒಂದು ಸಣ್ಣ ಗೀಟು. ಕಿರಿದಾದ ಗಾತ್ರದಲ್ಲಿ ಆ ಗೀಟು ಅಳಿಸಿದರೆ ಧನ ದನವಾಗುತ್ತದೆ. ದೀರ್ಘದ ಚಿಹ್ನೆ ಕಾಣದಿದ್ದರೆ ಕೋಡು ಕೊಡು ಆಗುತ್ತದೆ. ‘ಮಾ’ ಎಂಬ ಪದದ ಕಥೆ ನಮಗೆ ದೂರದ ಕಥೆಯಲ್ಲ.

ಗಡಿನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿ ಕನ್ನಡದ ಫಲಕಗಳನ್ನೂ ನಮೂನೆಗಳನ್ನೂ ಎಷ್ಟೋ ಸಲ ಕನ್ನಡ ಓದಲು ಬಾರದವರೇ ಜೋಡಿಸುತ್ತಾರೆ. ಕಳೆದ ಬಾರಿ ನಮ್ಮದೇ ಒಂದು ಕಾರ್ಯಕ್ರಮದ ಭಿತ್ತಿಪತ್ರದಲ್ಲಿ ಒತ್ತಕ್ಷರಗಳೆಲ್ಲ ಕಳಚಿ, ವ್ಯಂಜನಗಳು ತಲೆಕಟ್ಟಿನೊಡನೆ ಬಿಡಿಬಿಡಿಯಾಗಿ ನಿಂತಿದ್ದವು. ಅಚ್ಚು ಹಾಕಿದವರಿಗೆ ಅದರಲ್ಲಿ ದೋಷ ಕಾಣಲಿಲ್ಲ. ಅವರನ್ನು ದೂರಿ ಫಲವಿಲ್ಲ. ಅವರ ಕಣ್ಣಿಗೆ ಒತ್ತು ಒಂದು ಅಲಂಕಾರ. ನಾಚಿಕೆಯ ಸಂಗತಿಯೆಂದರೆ, ಅದನ್ನು ಗೋಡೆಗೆ ಅಂಟಿಸಿದವರು ಕನ್ನಡ ಬಲ್ಲ ನಾವು. ‘ಹೇಗೂ ಅರ್ಥವಾಗುತ್ತದಲ್ಲ’ ಎಂದು ಸುಮ್ಮನಾದೆವು. ಅಲ್ಪಸಂಖ್ಯಾತರಾಗಿರುವಲ್ಲಿ ಈ ‘ಹೇಗೂ’ ಎಂಬ ಮಾತು ದುಬಾರಿಯಾದುದು. ಸಿಕ್ಕಿದ್ದೇ ಸಾಕು ಎಂದು ನಾವು ಒಪ್ಪಿಕೊಂಡ ಮುರುಕು ಅಕ್ಷರವೇ ನಾಳೆ ನಮ್ಮ ಭಾಷೆಗೆ ಇಷ್ಟು ಸಾಕು ಎಂಬ ಅಳತೆಗೋಲಾಗುತ್ತದೆ.

ಆದುದರಿಂದ ನನ್ನ ಸಲಹೆ ಸರಳವಾದುದು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಲಿಪಿಯ ಪಾಠವನ್ನು ಶಾಸನಗಳಲ್ಲಿಯೇ ನಿಲ್ಲಿಸದೆ ಇಂದಿನ ಫಾಂಟುಗಳವರೆಗೆ ತರಬೇಕು. ವಿಭಾಗದ ಗೋಡೆಪತ್ರಿಕೆಗೆ ಫಾಂಟನ್ನು ಆರಿಸುವ ಮುನ್ನ ಮೂರು ಒತ್ತುಳ್ಳ ಪದಗಳು, ಅಲ್ಪಪ್ರಾಣ-ಮಹಾಪ್ರಾಣಗಳ ಜೋಡಿಗಳು, ಹ್ರಸ್ವ-ದೀರ್ಘಗಳ ಜೋಡಿಗಳು, ಅರ್ಕಾವೊತ್ತುಳ್ಳ ಪದಗಳು ಇವನ್ನೆಲ್ಲ ಒಂದು ಪುಟದಲ್ಲಿ ಬರೆದು, ಚಿಕ್ಕ ಗಾತ್ರದಲ್ಲಿ ಅಚ್ಚಿಸಿ, ಪಕ್ಕದ ಶಾಲೆಯ ಮಗುವಿನ ಕೈಯಲ್ಲಿ ಓದಿಸಿ ನೋಡಬೇಕು. ಮಗು ಎಡವಿದಲ್ಲಿ ದೋಷ ಮಗುವಿನದಲ್ಲ. ಪದವಿ ಮುಗಿಸಿ ಅಕ್ಷರವಿನ್ಯಾಸದ ಕಡೆಗೆ ಹೋಗುವವರು ನಮ್ಮಲ್ಲಿಂದ ಒಬ್ಬಿಬ್ಬರಾದರೂ ಹೊರಡಬೇಕು. ಗೆರೆ ಎಳೆಯಬಲ್ಲವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ, ಯಾವ ಗೆರೆ ತಪ್ಪಿದರೆ ಯಾವ ಅರ್ಥ ಕೆಡುತ್ತದೆ ಎಂದು ಬಲ್ಲವರು ಕಡಿಮೆ. ವ್ಯಾಕರಣ, ಛಂದಸ್ಸು, ಶಾಸನಗಳನ್ನು ಓದಿದವರಿಗೆ ಆ ಬಲ್ಮೆ ಇದೆ.

ವಿಯೆಟ್ನಾಮಿನ ಅಕ್ಷರಗಳಲ್ಲಿ ಕೊಕ್ಕೆಯ ಧ್ವನಿಗೆ ‘ಹೋಯ್’ ಎಂದು ಹೆಸರು. ಆ ಪದಕ್ಕೆ ‘ಕೇಳು’, ಎಂದರೆ ಪ್ರಶ್ನಿಸು, ಎಂಬ ಅರ್ಥವಿದೆ. ಅಚ್ಚಾದ ಪ್ರತಿಯೊಂದು ಪುಟದ ಮುಂದೆಯೂ ನಾವು ಮಾಡಬೇಕಾದುದು ಅದನ್ನೇ.